ಪ್ಲಾಸ್ಟಿಕ್ ನಟ್ಟು-ಬೋಲ್ಟು ಸಲೀಸಾಗಿ ತಿರುಗಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಶೆಡ್ಡು. ಎರಡು ಲೇತ್ (ರಾಡನ್ನು ತಿರುಗಿಸಿ ಟೂಲಿನಿಂದ ಕೆತ್ತುವ ಮೆಷಿನ್), ಒಂದು ಡ್ರಿಲ್ಲಿಂಗ್ ಮೆಷಿನ್, ಮೂಲೆಯಲ್ಲಿ ನೈಲಾನ್, ಡೆಲ್ರಿನ್, ಟೆಫ್ಲಾನ್ ಅಂತ ಪ್ಲಾಸ್ಟಿಕ್ ರಾಡುಗಳ ರಾಶಿ. ಕೆಲವರು ಫೋನು ಮಾಡುತ್ತಾರೆ, ಕೆಲವರು ಜಾಮ್ ಆದ ಪೀಸನ್ನೇ ಕೈಯಲ್ಲಿ ಹಿಡಿದು ಬರುತ್ತಾರೆ. ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚು ಕಡಿಮೆ ಇವೇ. ಹೇಳಿದ್ದನ್ನೇ ಹೇಳಿ ಸಾಕಾಯಿತು, ಅದಕ್ಕೆ ಬರೆದೇ ಬಿಟ್ಟೆ.

ಸ್ಟೀಲಿನಲ್ಲಿ ಇದೇ ಅಳತೆಗೆ ಮಾಡಿದರೆ ಚೆನ್ನಾಗಿ ಕೂರುತ್ತದೆ. ಪ್ಲಾಸ್ಟಿಕ್‌ನಲ್ಲಿ ಯಾಕೆ ಕೂರಲ್ಲ?

ಸ್ಟೀಲ್ ನಿಂತಲ್ಲಿ ನಿಲ್ಲುತ್ತದೆ, ಪ್ಲಾಸ್ಟಿಕ್ ನಿಲ್ಲುವುದಿಲ್ಲ. ಟೂಲ್ ಬಂದು ಒತ್ತಿದರೆ ಪ್ಲಾಸ್ಟಿಕ್ ಸ್ವಲ್ಪ ಆಚೆ ಸರಿಯುತ್ತದೆ, ಟೂಲ್ ಮುಂದೆ ಹೋದ ಮೇಲೆ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ ಸ್ಟೀಲಿನ ಬಿಗುವು ಸುಮಾರು 200 ಗಿಗಾಪಾಸ್ಕಲ್, ಒಣ ನೈಲಾನ್‌ದು ಬರೀ 3ರ ಆಸುಪಾಸು, ಟೆಫ್ಲಾನ್ ಅರ್ಧವೋ ಏನೋ.

ಇದರಿಂದ ಏನಾಗುತ್ತದೆ ಅಂದರೆ, ನೀವು ಡಯಲ್ ನೋಡಿಕೊಂಡು ಕೊಟ್ಟ ಕಟ್ ಅಷ್ಟೂ ಬಿದ್ದಿರುವುದಿಲ್ಲ. ಬೋಲ್ಟು ನೀವಂದುಕೊಂಡಿದ್ದಕ್ಕಿಂತ ದಪ್ಪ ಉಳಿದಿರುತ್ತದೆ, ನಟ್ಟಿನ ತೂತು ನೀವಂದುಕೊಂಡಿದ್ದಕ್ಕಿಂತ ಚಿಕ್ಕದಾಗಿರುತ್ತದೆ. ಎರಡು ತಪ್ಪೂ ಒಂದೇ ಕಡೆಗೆ, ಬಿಗಿಯ ಕಡೆಗೆ. ಅದರ ಮೇಲೆ ಶಾಖ ಬೇರೆ, ತೇವ ಬೇರೆ.

ಹಾಗಾದರೆ ಎಷ್ಟು ಸಡಿಲ ಬಿಡಬೇಕು?

ಥ್ರೆಡ್ (ತಿರುಪಿನ ಸುರುಳಿ ಹಲ್ಲು) ಎಷ್ಟು ಸಡಿಲ ಇರಬೇಕು ಅನ್ನುವುದಕ್ಕೆ ದರ್ಜೆಗಳಿವೆ. ಸ್ಟೀಲಿನ ಮಾಮೂಲಿ ಬೋಲ್ಟು 6ಜಿ, ನಟ್ಟು 6ಎಚ್. ನಮ್ಮ ಭಾರತೀಯ ಮಾನಕ ಐಎಸ್ 4218ರಲ್ಲೂ ಇದೇ ಲೆಕ್ಕ. ಇದು ಸಣ್ಣ ಜಿ, ಬೋಲ್ಟಿನದು. ದೊಡ್ಡ ಜಿ ನಟ್ಟಿನದು, ಅದು ಮುಂದೆ ಬರುತ್ತದೆ. ಎಂ10 x 1.5 ಬೋಲ್ಟಿಗೆ (ಹೊರ ಡಯಾ 10 ಮಿ.ಮೀ., ಪಿಚ್ ಅಂದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ದೂರ 1.5) ಈ 6ಜಿ ಕೊಡುವ ಖಾತ್ರಿ ಜಾಗ 0.032 ಮಿ.ಮೀ. ಒಂದು ತಲೆಗೂದಲಿನ ಅರ್ಧದಷ್ಟು. ಸ್ಟೀಲಿಗೆ ಧಾರಾಳ ಸಾಕು. ಪ್ಲಾಸ್ಟಿಕ್ ಇದನ್ನು ಒಂದು ಮಧ್ಯಾಹ್ನದಲ್ಲಿ ತಿಂದು ಹಾಕುತ್ತದೆ.

ನಾನು ಎಂ10ರಲ್ಲಿ ಡೆಲ್ರಿನ್‌ಗೆ ಪಿಚ್ ಡಯಾ (ಥ್ರೆಡ್ಡಿನ ಹಲ್ಲು, ಸಂದು ಸಮ ಇರುವಲ್ಲಿ ಅಳೆದ ಡಯಾ) ಮೇಲೆ 0.10ರಿಂದ 0.15 ಮಿ.ಮೀ. ಬಿಡುತ್ತೇನೆ. ನೈಲಾನ್‌ಗೆ 0.15ರಿಂದ 0.20. ಎಂ16, ಎಂ20 ಆದರೆ ಇನ್ನೂ ಜಾಸ್ತಿ. ಇದು ಪುಸ್ತಕದ ನಂಬರ್ ಅಲ್ಲ, ಪೀಸು ವಾಪಸ್ ಬಂದು ಬಂದು ಕಲಿತದ್ದು. ಕೈಯಲ್ಲಿ ಅಲ್ಲಾಡಿಸಿದರೆ ಸ್ವಲ್ಪ ಗಡಗಡ ಅನ್ನಬೇಕು. ಸ್ಟೀಲ್ ಕೆಲಸದಲ್ಲಿ ಪಳಗಿದ ಟರ್ನರ್‌ಗೆ ಇದು ನುಂಗಲಾರದ ತುತ್ತು. 'ಏನ್ ಸಾರ್, ಇಷ್ಟು ಲೂಸಾ, ಗಿರಾಕಿ ಬೈಯಲ್ವಾ?' ಅಂತ ನಮ್ಮ ಹುಡುಗ ಮೊದಲ ತಿಂಗಳು ದಿನಾ ಕೇಳುತ್ತಿದ್ದ. ಬೋಲ್ಟು ಬಿಗಿದ ಮೇಲೆ ಥ್ರೆಡ್ಡಿನ ಒಂದು ಪಕ್ಕ ಒತ್ತಿ ಕೂರುತ್ತದೆ, ಆ ಗಡಗಡ ಅಲ್ಲಿಗೆ ಮಾಯ. ಹಿಡಿತ ಅಷ್ಟೇನೂ ಕಡಿಮೆಯಾಗುವುದಿಲ್ಲ.

ನೈಲಾನ್ ಮಳೆಗಾಲದಲ್ಲಿ ಊದುತ್ತದೆ ಅಂತಾರೆ. ನಿಜವಾ?

ನಿಜ. ನಾನು ಕಾಸು ಕಳೆದುಕೊಂಡು ಕಲಿತಿದ್ದೇನೆ.

ಒಂದು ವರ್ಷ ಮಾರ್ಚ್‌ನಲ್ಲಿ ಎಂ16 ನೈಲಾನ್ ಬೋಲ್ಟುಗಳ ಆರ್ಡರ್ ಬಂತು, ಹಿತ್ತಾಳೆ ನಟ್ಟಿಗೆ ಹಾಕುವಂಥದ್ದು, ಉಡುಪಿ ಕಡೆಯ ಗಿರಾಕಿ. ಒಂದೊಂದನ್ನೂ ನಟ್ಟು ಹಾಕಿ ನೋಡಿ ಕಳಿಸಿದೆ. ಬೆರಳಲ್ಲಿ ತಳ್ಳಿದರೆ ಸರಕ್ಕನೆ ಹೋಗುತ್ತಿತ್ತು, ನನಗೇ ಹೆಮ್ಮೆ. ಜೂನ್ ಕೊನೆಯಲ್ಲಿ ಫೋನ್ ಬಂತು, ಎರಡು ಸುತ್ತು ಹೋಗಿ ನಿಂತುಬಿಡುತ್ತದೆ ಅಂತ. ಪೀಸು ಬದಲಾಯಿಸಿ ಕಳಿಸಿದ್ದೀರಾ ಅಂತಲೂ ಕೇಳಿದರು.

ಲೆಕ್ಕ ಹಾಕಿ ನೋಡಿ. ನೈಲಾನ್ ಗಾಳಿಯ ತೇವ ಕುಡಿಯುತ್ತದೆ. ಸಾಧಾರಣ ಹವೆಯಲ್ಲೇ ತನ್ನ ತೂಕದ 2.5-3% ನೀರು ಎಳೆದುಕೊಳ್ಳುತ್ತದೆ, ನೀರಲ್ಲೇ ಮುಳುಗಿಸಿಟ್ಟರೆ 8-9% ತನಕ. ನೀರು ಒಂದು ಪರ್ಸೆಂಟ್ ಏರಿದರೆ ಅಳತೆ ಸುಮಾರು 0.2-0.3% ಬೆಳೆಯುತ್ತದೆ. ಒಣ ರಾಡಿನಲ್ಲಿ ಮಾಡಿದ ಬೋಲ್ಟು ಬರೀ 0.6% ಬೆಳೆಯಿತು ಅಂತ ಇಟ್ಟುಕೊಳ್ಳಿ. ಎಂ16ರ ಪಿಚ್ ಡಯಾ 14.7, ಅದು 0.09 ಮಿ.ಮೀ. ದಪ್ಪ ಆಯಿತು. ನಾನು ಬಿಟ್ಟಿದ್ದ ಜಾಗ 0.04. ಇಲ್ಲಿಗೇ ಕಥೆ ಮುಗಿದಿತ್ತು, ಆದರೆ ಇದರ ಜೊತೆ ಪಿಚ್ಚೂ ಬೆಳೆದಿತ್ತು, ಅದು ಇನ್ನೂ ದೊಡ್ಡ ಹೊಡೆತ. ಮುಂದಿನ ಪ್ರಶ್ನೆಯಲ್ಲಿ ಅದನ್ನೇ ಹೇಳುತ್ತೇನೆ.

ರಾಡು ಪೂರ್ತಿ ತೇವ ಕುಡಿಯಲು ವಾರಗಟ್ಟಲೆ, ದಪ್ಪ ಇದ್ದರೆ ತಿಂಗಳುಗಟ್ಟಲೆ ಬೇಕು. ಥ್ರೆಡ್ಡಿನ ತುದಿ ಮಾತ್ರ ತೆಳ್ಳಗಿರುತ್ತದಲ್ವಾ, ಅದು ಮೊದಲು ಕುಡಿಯುತ್ತದೆ. ಅದಕ್ಕೆ ಮಳೆ ಶುರುವಾದ ಕೆಲವೇ ದಿನಕ್ಕೆ ತಕರಾರು ಬರುತ್ತದೆ.

ಈಗ ನಾನು ಮಾಡುವುದು ಇಷ್ಟು: ಕರಾವಳಿಗೋ, ನೀರಿನ ಕೆಲಸಕ್ಕೋ ಹೋಗುವುದಾದರೆ ನೈಲಾನ್ ಬೇಡ, ಡೆಲ್ರಿನ್ ತಗೊಳ್ಳಿ ಅಂತ ಮೊದಲೇ ಹೇಳುತ್ತೇನೆ. ಅದು ಪೂರ್ತಿ ನೆನೆದರೂ ನೀರು ಒಂದು ಪರ್ಸೆಂಟ್ ಆಸುಪಾಸಿಗೇ ನಿಲ್ಲುತ್ತದೆ. ನೈಲಾನೇ ಬೇಕು ಅಂದರೆ ಜಾಗ ಜಾಸ್ತಿ ಬಿಡುತ್ತೇನೆ.

ಮೂರ್ನಾಲ್ಕು ಸುತ್ತು ಚೆನ್ನಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತಾ ಹೋಗಿ ನಿಲ್ಲುತ್ತದೆ. ಡಯಾ ಎಲ್ಲಾ ಸರಿ ಇದೆ. ಏನು ತಪ್ಪು?

ಪಿಚ್. ಡಯಾ ಸರಿ ಇದೆ ಅಂದಮೇಲೆ ಹತ್ತರಲ್ಲಿ ಎಂಟು ಸಲ ಪಿಚ್ಚೇ.

ಬೋಲ್ಟಿನ ಪಿಚ್ ಮತ್ತು ನಟ್ಟಿನ ಪಿಚ್ ಕೂದಲೆಳೆಯಷ್ಟು ಬೇರೆ ಇದ್ದರೆ ಮೊದಲ ಸುತ್ತಿನಲ್ಲಿ ಗೊತ್ತಾಗುವುದಿಲ್ಲ. ಸುತ್ತು ಏರಿದಂತೆ ಆ ವ್ಯತ್ಯಾಸ ಕೂಡುತ್ತಾ ಹೋಗುತ್ತದೆ. ನಟ್ಟಿನ ಮೊದಲ ಥ್ರೆಡ್ ಬೋಲ್ಟನ್ನು ಒಂದು ಕಡೆ ತಳ್ಳುತ್ತದೆ, ಕೊನೆಯ ಥ್ರೆಡ್ ಇನ್ನೊಂದು ಕಡೆ. ಕೊನೆಗೆ ಎರಡೂ ಕಡೆ ಒತ್ತಿ ನಿಲ್ಲುತ್ತದೆ. 60 ಡಿಗ್ರಿ ಥ್ರೆಡ್‌ಗೆ ಒಂದು ಸರಳ ಲೆಕ್ಕ ಇದೆ: ನಟ್ಟಿನ ಉದ್ದಕ್ಕೆ ಒಟ್ಟು ಪಿಚ್ ಎಷ್ಟು ತಪ್ಪಿದೆಯೋ ಅದನ್ನು 1.73ರಿಂದ ಗುಣಿಸಿ. ಅಷ್ಟು ಡಯಾ ಜಾಗ ಹೋಯಿತು ಅಂತ ಅರ್ಥ.

ನನ್ನ ಉಡುಪಿ ಬೋಲ್ಟಿಗೆ ಇದನ್ನೇ ಹಾಕಿ. ಹಿತ್ತಾಳೆ ನಟ್ಟು 13 ಮಿ.ಮೀ. ಎತ್ತರ. 0.6% ಬೆಳೆದರೆ ಅಷ್ಟು ಉದ್ದಕ್ಕೆ 0.078 ಮಿ.ಮೀ. ಪಿಚ್ ತಪ್ಪಿತು. 1.73ರಿಂದ ಗುಣಿಸಿದರೆ 0.135. ದಪ್ಪ ಆಗಿದ್ದು 0.09. ಒಟ್ಟು 0.22 ಮಿ.ಮೀ. ಜಾಗ ಬೇಕಿತ್ತು, ಇದ್ದದ್ದು 0.04. ಜಾಮ್ ಆಗದೆ ಇನ್ನೇನಾಗುತ್ತದೆ ಹೇಳಿ.

ಅದಕ್ಕೇ ಪ್ಲಾಸ್ಟಿಕ್ ಬೋಲ್ಟಿಗೆ ಲೋಹದ ನಟ್ಟು ಹಾಕುವಾಗ ನಟ್ಟು ಗಿಡ್ಡ ಇದ್ದಷ್ಟೂ ಒಳ್ಳೆಯದು. ಉದ್ದ ನಟ್ಟೇ ಬೇಕಾದರೆ ಮಧ್ಯದ ಥ್ರೆಡ್ ಬೋರ್ ಮಾಡಿ ತೆಗೆದರೆ ಸಾಲದು, ಎರಡು ತುದಿ ಹಾಗೇ ಜಗಳ ಆಡುತ್ತಿರುತ್ತವೆ. ಒಂದು ತುದಿಯ ಥ್ರೆಡ್ಡನ್ನೇ ಪೂರ್ತಿ ತೆಗೆಯಬೇಕು.

ಪಿಚ್ ತಪ್ಪಲು ಬೇರೆ ಕಾರಣವೂ ಇವೆ. ಬಿಸಿಯಾಗಿದ್ದಾಗ ಥ್ರೆಡ್ ತೆಗೆದರೆ ತಣ್ಣಗಾದ ಮೇಲೆ ಪಿಚ್ ಕುಗ್ಗುತ್ತದೆ. ಹಳೇ ಇಂಚಿನ ಲೀಡ್‌ಸ್ಕ್ರೂ (ಟೂಲನ್ನು ಸರಿಸುವ ಉದ್ದ ಸ್ಕ್ರೂ) ಇರುವ ಲೇತ್‌ನಲ್ಲಿ ಮೆಟ್ರಿಕ್ ಥ್ರೆಡ್ ಪಕ್ಕಾ ಬರಬೇಕಾದರೆ 127 ಹಲ್ಲಿನ ಗೇರ್ ಬೇಕು. ಅದಿಲ್ಲದೆ ಹತ್ತಿರದ ಗೇರ್ ಹಾಕಿ ಹೊಂದಿಸಿದರೆ ಹತ್ತಿರದ ಪಿಚ್ಚೇ ಬರುತ್ತದೆ. ಇನ್ನೊಂದು ಮಾಮೂಲಿ ಎಡವಟ್ಟು: 3/8 ಇಂಚಿನ 16 ಟಿಪಿಐ (ಇಂಚಿಗೆ 16 ಥ್ರೆಡ್) ಬೋಲ್ಟನ್ನು ಎಂ10 ನಟ್ಟಿಗೆ ಹಾಕುವುದು. ಮೂರು ಸುತ್ತು ಲೂಸಾಗಿ ಹೋಗಿ ಹಿಡಿದುಕೊಳ್ಳುತ್ತದೆ. ಸ್ಟೀಲಿನಲ್ಲಿ ಅಲ್ಲೇ ಗೊತ್ತಾಗುತ್ತದೆ. ಪ್ಲಾಸ್ಟಿಕ್‌ನಲ್ಲಿ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸುಮ್ನೆ ಹೋಗಿಬಿಡುತ್ತದೆ, ಬಿಚ್ಚಿದಾಗ ಥ್ರೆಡ್ ಚಿಂದಿ.

ನಟ್ಟಿಗೆ ಟ್ಯಾಪ್ ಹಾಕುವ ಮುಂಚೆ ಡ್ರಿಲ್ ಎಷ್ಟು?

ಟ್ಯಾಪ್ ಅಂದರೆ ತೂತಿನೊಳಗೆ ಥ್ರೆಡ್ ಕತ್ತರಿಸುವ ಟೂಲ್. ಚಾರ್ಟಿನಲ್ಲಿ ಎಂ6ಕ್ಕೆ 5.0, ಎಂ8ಕ್ಕೆ 6.8, ಎಂ10ಕ್ಕೆ 8.5, ಎಂ12ಕ್ಕೆ 10.2 ಅಂತ ಇರುತ್ತದೆ. ಅದು ಲೋಹಕ್ಕೆ. ಅದರಲ್ಲಿ ಥ್ರೆಡ್ ಸುಮಾರು 75% ಎತ್ತರ ಬರುತ್ತದೆ. ಪ್ಲಾಸ್ಟಿಕ್‌ಗೆ ನಾನು 5.2, 7.0, 8.7, 10.5 ಹಾಕುತ್ತೇನೆ. ಥ್ರೆಡ್ 60-66% ಬರುತ್ತದೆ, ಸಾಕು. ಡ್ರಿಲ್ ಬಿಟ್ ತೆಗೆದ ಮೇಲೆ ತೂತು ಕುಗ್ಗುವುದರಿಂದ ಅಸಲಿಗೆ ಸ್ವಲ್ಪ ಜಾಸ್ತಿಯೇ ಸಿಗುತ್ತದೆ.

ಒಂದು ಎಚ್ಚರಿಕೆ. ಡ್ರಾಯಿಂಗಿನಲ್ಲಿ 6ಎಚ್ ಅಂತ ಬರೆದು ಒಳ ಡಯಾಕ್ಕೂ ಗೇಜ್ ಹಾಕುವ ಗಿರಾಕಿ ಇದ್ದರೆ ಈ ಸೈಜುಗಳು ಪಾಸ್ ಆಗದೇ ಇರಬಹುದು. ಎಂ10ಕ್ಕೆ ಅಲ್ಲಿ ಮೇಲಿನ ಮಿತಿ 8.676. ಅಂಥವರ ಹತ್ತಿರ ಮೊದಲೇ ಮಾತಾಡಿ ಒಪ್ಪಿಸಿಕೊಳ್ಳಿ.

ಯಾವ ಟ್ಯಾಪ್?

ಹೊಸದು. ಸ್ಟೀಲಿಗೆ ಒಂದು ಸಲವೂ ಮುಟ್ಟಿಸದ್ದು. ಮೊಂಡಾದ ಟ್ಯಾಪ್ ಪ್ಲಾಸ್ಟಿಕ್ಕನ್ನು ಕತ್ತರಿಸದೆ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ, ಹೊರಗೆ ತೆಗೆದ ತಕ್ಷಣ ಅದು ವಾಪಸ್ ಬರುತ್ತದೆ. ಟ್ಯಾಪ್ ಹಾಕುವಾಗ ಕೀಂಯ್ ಅಂತ ಕೂಗಿದರೆ ಅದೇ ಆಗುತ್ತಿದೆ ಅಂತ ತಿಳಿಯಿರಿ.

ಮಾಮೂಲಿ 6ಎಚ್ ಟ್ಯಾಪ್ ಬದಲು 6ಜಿ ಟ್ಯಾಪ್ ಕೇಳಿ, ಇದು ದೊಡ್ಡ ಜಿ. ಅಂಗಡಿಯಲ್ಲಿ ಐಎಸ್‌ಒ 3 ಅಂದರೂ ಅದೇ. ಇನ್ನೂ ದೊಡ್ಡದು 7ಜಿ ಕೂಡ ಬರುತ್ತದೆ, ಆಮೇಲೆ ಪ್ಲೇಟಿಂಗ್ ಆಗುವ ಪೀಸುಗಳಿಗೆ ಅದನ್ನು ಬಳಸುತ್ತಾರೆ. ನಮಗೆ ನೈಲಾನ್‌ಗೆ ಅದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಎರಡು ಫ್ಲೂಟ್ (ಉದ್ದಕ್ಕೆ ಇರುವ ತೋಡು) ಇರುವ ಗನ್ ಟ್ಯಾಪ್ ಸಿಕ್ಕರೆ ಇನ್ನೂ ಒಳ್ಳೆಯದು. ಆರಪಾರ ತೂತಿನಲ್ಲಿ ಚಿಪ್ಸನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ, ಅರ್ಧರ್ಧ ಸುತ್ತಿಗೆ ಹಿಂದೆ ತಿರುಗಿಸುವ ಗೋಜು ಇಲ್ಲ. ಒಂದು ಸಲ ಹಾಕಿ, ಪೀಸು ತಣ್ಣಗಾಗಲು ಬಿಟ್ಟು, ಇನ್ನೊಂದು ಸಲ ಕೈಯಲ್ಲೇ ಓಡಿಸಿ. ಎರಡನೇ ಸಲ ಹಿಟ್ಟಿನಂಥ ಪುಡಿ ಉದುರುತ್ತದಲ್ಲ, ನಿಮ್ಮ ಬೋಲ್ಟನ್ನು ಹಿಡಿದುಕೊಳ್ಳಬೇಕಿದ್ದದ್ದು ಅದೇ.

ಬೋಲ್ಟಿಗೆ ಡೈ ಹಾಕಲಾ, ಲೇತ್‌ನಲ್ಲಿ ತೆಗೆಯಲಾ?

ಎಂ6 ತನಕ ಡೈ (ಬೋಲ್ಟಿನ ಮೇಲೆ ಥ್ರೆಡ್ ಕತ್ತರಿಸುವ ಉಂಗುರದಂಥ ಟೂಲ್) ಆಗಬಹುದು, ಸೀಳು ಇರುವ ಡೈ ಆದರೆ ಮೊದಲು ತೆರೆದು, ಆಮೇಲೆ ಸ್ವಲ್ಪ ಮುಚ್ಚಿ ಇನ್ನೊಮ್ಮೆ ಓಡಿಸಿ. ಅದಕ್ಕಿಂತ ದೊಡ್ಡದಕ್ಕೆ ಲೇತೇ.

ಲೇತ್‌ನಲ್ಲಿ ಟೂಲ್ ಬ್ಲೇಡಿನಂತೆ ಚೂಪು ಇರಬೇಕು. ಸ್ಟೀಲಿಗೆ ಬರುವ ಕೋಟಿಂಗ್ ಇರುವ ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ ಬಿಲ್ಲೆ) ನೋಡಲು ಚೆಂದ, ಅದರ ಅಂಚು ಮಾತ್ರ ಬೇಕೆಂದೇ ಸ್ವಲ್ಪ ಮೊಂಡು ಮಾಡಿರುತ್ತಾರೆ. ಅಲ್ಯೂಮಿನಿಯಂಗೆ ಬರುವ ಪಾಲಿಶ್ ಮಾಡಿದ ಇನ್ಸರ್ಟ್ ತಗೊಳ್ಳಿ. ನಾನಂತೂ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ಟನ್ನು ಗ್ರೈಂಡರ್‌ನಲ್ಲಿ ಹಿಡಿದು, ಎಣ್ಣೆಕಲ್ಲಿನ ಮೇಲೆ ತೀಡಿ, ಉಗುರಿನ ಮೇಲೆ ಇಟ್ಟು ನೋಡುತ್ತೇನೆ. ಜಾರಿದರೆ ಮತ್ತೆ ಕಲ್ಲಿಗೆ. ಕಚ್ಚಿ ನಿಂತರೆ ಕೆಲಸಕ್ಕೆ. ಕೆಳಗಿನ ಕ್ಲಿಯರೆನ್ಸ್ ಕೋನ 10-15 ಡಿಗ್ರಿ ಕೊಡಿ, ಕಡಿಮೆ ಕೊಟ್ಟರೆ ವಾಪಸ್ ಚಿಮ್ಮಿದ ಪ್ಲಾಸ್ಟಿಕ್ ಟೂಲಿನ ಹಿಮ್ಮಡಿಗೆ ಉಜ್ಜುತ್ತದೆ.

ಕಟ್ ವಿಷಯದಲ್ಲಿ ಒಂದು ಮಾತು. ಕೊನೆಗೆ ಹೆದರಿಕೊಂಡು 0.01, 0.01 ಅಂತ ಕೊಟ್ಟರೆ ಟೂಲ್ ಕತ್ತರಿಸುವುದಿಲ್ಲ, ಸವರುತ್ತದೆ ಅಷ್ಟೇ. ಫಿನಿಶಿಂಗ್ ಕಟ್ಟಿಗೂ 0.05 ಇರಲಿ. ಅದಾದ ಮೇಲೆ ಕಟ್ ಕೊಡದೆ ಅದೇ ಡಯಲ್‌ನಲ್ಲಿ ಎರಡು ಮೂರು ಸಲ ಓಡಿಸಿ. ಉದ್ದ ಬೋಲ್ಟಾದರೆ ತುದಿಗೆ ಆಸರೆಯಾಗಿ ರಿವಾಲ್ವಿಂಗ್ ಸೆಂಟರ್ ಹಗುರವಾಗಿ ತಾಗಿಸಿ. ಇಲ್ಲದಿದ್ದರೆ ತುದಿ ಬಾಗಿ ದೂರ ಸರಿದು, ಬೋಲ್ಟು ತುದಿಯ ಕಡೆ ದಪ್ಪ ಉಳಿಯುತ್ತದೆ.

ತಂಪಿಗೆ ಗಾಳಿ ಸಾಕು. ಕೂಲೆಂಟ್ ನೀರು ನೈಲಾನ್‌ಗೆ ಇಳಿಯುತ್ತದೆ, ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್‌ಗೆ ಕೆಲವು ಎಣ್ಣೆ ತಾಗಿದರೆ ಬಿರುಕು ಬಿಡುತ್ತದೆ. ಗಾಳಿಯಿಂದ ಇನ್ನೊಂದು ಉಪಕಾರ ಇದೆ. ನೈಲಾನ್ ಚಿಪ್ಸ್ ಮುರಿಯುವುದೇ ಇಲ್ಲ, ಉಲ್ಲನ್ ದಾರದ ಥರ ಬಂದು ಚಕ್ (ಪೀಸನ್ನು ಹಿಡಿದು ತಿರುಗಿಸುವ ಹಿಡಿ) ಸುತ್ತ ಸುತ್ತಿಕೊಳ್ಳುತ್ತದೆ. ಗಾಳಿ ಬಿಟ್ಟರೆ ದೂರ ಹಾರುತ್ತದೆ. ತಿರುಗುತ್ತಿರುವಾಗ ಕೈಯಲ್ಲಿ ಎಳೆಯಲು ಹೋಗಬೇಡಿ, ಆ ದಾರ ಬೆರಳನ್ನೂ ಜೊತೆಗೇ ಎಳೆದುಕೊಂಡು ಹೋಗುತ್ತದೆ.

ಅಳತೆ ಸರಿ, ಪಿಚ್ ಸರಿ, ಆದರೂ ಶುರುವೇ ಆಗಲ್ಲ. ಅಥವಾ ಗರಗರ ಅನ್ನುತ್ತದೆ.

ಬರ್, ಅಂದರೆ ಕತ್ತರಿಸಿದ ಅಂಚಿನಲ್ಲಿ ಉಳಿಯುವ ಸಿಬರು. ಥ್ರೆಡ್ಡಿನ ತುದಿಯನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿ. ಪ್ರತಿ ತುದಿಯ ಮೇಲೂ ಗಡ್ಡ ಬೋಳಿಸದ ಮುಖದಂತೆ ಸಣ್ಣ ಬಿಳಿ ಕೂದಲು ನಿಂತಿರುತ್ತದೆ. ಸ್ಟೀಲಿನಲ್ಲಿ ಬರ್ ಮುರಿದು ಬೀಳುತ್ತದೆ, ಪ್ಲಾಸ್ಟಿಕ್‌ದು ಮಡಚಿಕೊಂಡು ಥ್ರೆಡ್ಡಿನ ಒಳಗೆ ಮಲಗುತ್ತದೆ. ನಟ್ಟು ಹಾಕಿದಾಗ ಅದೇ ಉಂಡೆ ಕಟ್ಟುತ್ತದೆ.

ಹೀಗೆ ಮಾಡಿ. ರಾಡನ್ನು ಮೊದಲೇ 0.1-0.15 ಕಡಿಮೆ ತಿರುಗಿಸಿ, ಎಂ10 ಅಂದರೆ 9.85-9.9. ಥ್ರೆಡ್ ತೆಗೆದ ಮೇಲೆ ಮೇಲಿಂದ ಒಂದು ಹಗುರ ಕಟ್ ಕೊಟ್ಟು ತುದಿ ಚಪ್ಪಟೆ ಮಾಡಿ, ಆಮೇಲೆ ಥ್ರೆಡ್ ಟೂಲನ್ನು ಕೊನೆಯ ಡಯಲ್‌ನಲ್ಲೇ ಇನ್ನೊಂದು ಸಲ ಓಡಿಸಿ. ಬಟ್ಟೆ ಒಗೆಯುವ ಗಟ್ಟಿ ಬ್ರಷ್ ಅಥವಾ ಹಸಿರು ಪಾತ್ರೆ ಉಜ್ಜುವ ಪ್ಯಾಡ್ ಹಿಡಿದರೆ ಉಳಿದದ್ದೂ ಹೋಗುತ್ತದೆ. ಸ್ಯಾಂಡ್ ಪೇಪರ್ ಬೇಡ, ಅದರ ಮರಳು ಮೆತ್ತಗಿನ ಪ್ಲಾಸ್ಟಿಕ್‌ನಲ್ಲಿ ಕಚ್ಚಿಕೊಂಡು ಕೂರುತ್ತದೆ.

ಶುರುವಿನ ಜಾಗಕ್ಕೆ ಚಾಂಫರ್ (ಅಂಚಿನ ಓರೆ) ಧಾರಾಳವಾಗಿ ಕೊಡಿ. ಬೋಲ್ಟಿನ ಮುಂದಿನ ಡಯಾ ಥ್ರೆಡ್ಡಿನ ತಳಕ್ಕಿಂತ ಕೆಳಗೆ ಹೋಗಬೇಕು. ನಟ್ಟಿಗೆ ಎರಡೂ ಕಡೆ ಕೌಂಟರ್‌ಸಿಂಕ್ (ತೂತಿನ ಬಾಯಿಗೆ ಓರೆ), ಬೋಲ್ಟಿನ ಹೊರ ಡಯಾಕ್ಕಿಂತ ಸ್ವಲ್ಪ ದೊಡ್ಡದು. ಇಷ್ಟಾದರೂ ಮೊದಲ ಥ್ರೆಡ್ ಕಾಗದದಷ್ಟು ತೆಳುವಾಗಿ ಶುರುವಾಗುತ್ತದೆ. ಆ ಕಾಲು ಸುತ್ತನ್ನು ಚೂಪು ಬ್ಲೇಡಿನಲ್ಲಿ ಕತ್ತರಿಸಿ ತೆಗೆದುಬಿಡಿ. ಅಡ್ಡ ಥ್ರೆಡ್ ಆಗುವುದು ಬಹುತೇಕ ಇಲ್ಲೇ. ಹಾಕುವಾಗ ಮೊದಲು ಉಲ್ಟಾ ತಿರುಗಿಸಿ, ಟಕ್ ಅಂತ ಬಿದ್ದ ಮೇಲೆ ನೇರ ತಿರುಗಿಸಿ. ಮನೆಯಲ್ಲಿ ಉಪ್ಪಿನಕಾಯಿ ಜಾಡಿ ಮುಚ್ಚಳಕ್ಕೂ ಇದೇ ಉಪಾಯ.

ನಟ್ಟು ಚಕ್‌ನಲ್ಲಿ ಇರುವಾಗ ಬೋಲ್ಟು ಸರಾಗ ಹೋಗುತ್ತಿತ್ತು. ತೆಗೆದ ಮೇಲೆ ಹೋಗ್ತಿಲ್ಲ.

ಮೂರು ಜಾ (ಹಿಡಿಯುವ ದವಡೆ) ಇರುವ ಚಕ್ ಬಿಗಿಯಾಗಿ ಹಿಡಿದಾಗ ನಟ್ಟು ಮೂರು ಕಡೆ ಒಳಗೆ ಅಮುಕಿರುತ್ತದೆ. ನೀವು ಆ ಸ್ಥಿತಿಯಲ್ಲಿ ರೌಂಡಾಗಿ ಥ್ರೆಡ್ ತೆಗೆಯುತ್ತೀರಿ. ಬಿಟ್ಟ ತಕ್ಷಣ ಅದು ಬಿಚ್ಚಿಕೊಂಡು ಮೂರು ಮೂಲೆಯಾಗುತ್ತದೆ. ಬೋಲ್ಟನ್ನು ಒತ್ತಿ ಹಾಕಿ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿ, ಮೂರು ಕಡೆ ಹೊಳಪು ಕಾಣುತ್ತದೆ. ಸುತ್ತಲೂ ಸಮನಾಗಿ ಹಿಡಿಯುವ ಕಾಲೆಟ್ ಬಳಸಿ, ಇಲ್ಲವಾದರೆ ಬಳೆಯಂಥ ಒಂದು ಬುಷ್ ಮಾಡಿ ಒಂದು ಕಡೆ ಸೀಳಿ ಅದರೊಳಗೆ ನಟ್ಟು ಇಟ್ಟು ಹಿಡಿಯಿರಿ. ತೆಳು ಗೋಡೆಯ ನಟ್ಟಿಗೆ ಇದು ಬೇಕೇ ಬೇಕು.

ಟೆಫ್ಲಾನ್ ಬೆಳಗ್ಗೆ ಒಂದು ಅಳತೆ, ಮಧ್ಯಾಹ್ನ ಒಂದು ಅಳತೆ ತೋರಿಸ್ತಿದೆ. ಮೈಕ್ರೋಮೀಟರ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಟೆಫ್ಲಾನ್ 19 ಡಿಗ್ರಿ ಹತ್ತಿರ ಒಳಗಿನ ಹರಳಿನ ಜೋಡಣೆಯನ್ನೇ ಬದಲಾಯಿಸುತ್ತದೆ, ಆಗ ಗಾತ್ರ ಒಂದು ಪರ್ಸೆಂಟಿಗೂ ಮೀರಿ ಹೆಚ್ಚಾಗುತ್ತದೆ. 20 ಮಿ.ಮೀ. ಡಯಾದಲ್ಲಿ ಅದು 0.06 ಮಿ.ಮೀ.ಗೂ ಜಾಸ್ತಿ. ಬೆಂಗಳೂರಲ್ಲಿ ಡಿಸೆಂಬರ್ ಬೆಳಗ್ಗೆ ಎಂಟಕ್ಕೆ ಶೆಡ್ಡು ತೆಗೆದರೆ ಒಳಗೆ 16-17 ಡಿಗ್ರಿ, ಮಧ್ಯಾಹ್ನ ಶೀಟು ಕಾದು 28. ದಿನಾ ಆ 19ನ್ನು ದಾಟುತ್ತೇವೆ. ಚಳಿಗಾಲದಲ್ಲಿ ಟೆಫ್ಲಾನ್ ಫಿನಿಶಿಂಗ್ ಹನ್ನೊಂದು ಗಂಟೆ ಮೇಲೆ ಅಂತ ನಮ್ಮಲ್ಲಿ ನಿಯಮ. ಮತ್ತೆ, ಅದರ ಚಿಪ್ಸ್ ಇರುವ ಕಡೆ ಬೀಡಿ ಸಿಗರೇಟು ಬೇಡ. ಸುಟ್ಟ ಟೆಫ್ಲಾನ್ ಹೊಗೆ ಒಳಗೆ ಹೋದರೆ ಜ್ವರ ಬರುತ್ತದೆ.

ಬೇರೆ ಪ್ಲಾಸ್ಟಿಕ್‌ಗೂ ಹೀಗೆ ಬಿಸಿಲಿನ ಕಾಟ ಇದೆಯಾ?

ಇದೆ, ಆದರೆ ಹೀಗೆ ಜಿಗಿಯುವುದಿಲ್ಲ, ನಿಧಾನಕ್ಕೆ ಬೆಳೆಯುತ್ತವೆ. ಸ್ಟೀಲಿಗಿಂತ ನೈಲಾನ್, ಡೆಲ್ರಿನ್ ಏಳೆಂಟು ಪಟ್ಟು, ಎಚ್‌ಡಿಪಿಇ ಇನ್ನೂ ಜಾಸ್ತಿ. ಲೇತ್‌ನಿಂದ ತೆಗೆದ ಬಿಸಿ ಪೀಸನ್ನು ಅಳೆಯಲೇಬೇಡಿ. ಒರಟು ಕೆಲಸ ಇವತ್ತು ಮುಗಿಸಿ, ರಾತ್ರಿ ಬಿಟ್ಟು, ಫಿನಿಶಿಂಗ್ ನಾಳೆ ಮಾಡಿದರೆ ರಾಡಿನ ಒಳಗಿನ ಸೆಳೆತವೂ ಬಿಟ್ಟುಕೊಂಡಿರುತ್ತದೆ.

ನಟ್ಟಿಗೆ ಯಾವ ಪ್ಲಾಸ್ಟಿಕ್, ಬೋಲ್ಟಿಗೆ ಯಾವುದು?

ಎರಡಕ್ಕೂ ಒಂದೇ ಹಾಕುವುದು ಸುಲಭ, ಆದರೆ ಅದೇ ಅದಕ್ಕೆ ಉಜ್ಜಿದರೆ ಚೆನ್ನಾಗಿ ಜಾರುವುದಿಲ್ಲ. ಡೆಲ್ರಿನ್ ಮೇಲೆ ಡೆಲ್ರಿನ್ ಕಿರುಗುಟ್ಟುತ್ತದೆ. ನೈಲಾನ್ ಮೇಲೆ ನೈಲಾನ್ ಕಚ್ಚುತ್ತದೆ. ಒಂದು ಡೆಲ್ರಿನ್, ಇನ್ನೊಂದು ನೈಲಾನ್ ಆದರೆ ಜೋಡಿ ಚೆಂದ. ಪದೇ ಪದೇ ಬಿಚ್ಚಿ ಹಾಕುವ ಕಡೆ ನಾನು ಇದನ್ನೇ ಹೇಳುವುದು. ತೇವದ ಕಡೆ ಮಾತ್ರ ಎರಡೂ ಡೆಲ್ರಿನ್ ಮಾಡಿ ಸ್ವಲ್ಪ ಗ್ರೀಸ್ ಹಚ್ಚಿ. ಪೀಕ್ ಅನ್ನುವ ಪ್ಲಾಸ್ಟಿಕ್ ಎಲ್ಲಕ್ಕಿಂತ ಒಳ್ಳೆಯದು, ಅದರ ರೇಟ್ ಕೇಳಿದ ಮೇಲೆ ಯಾರೂ ವಾಪಸ್ ಫೋನ್ ಮಾಡುವುದಿಲ್ಲ. ಗ್ಲಾಸ್ ತುಂಬಿದ ನೈಲಾನ್ ಗಟ್ಟಿ, ಆದರೆ ನಿಮ್ಮ ಚೂಪು ಟೂಲನ್ನು ನಾಲ್ಕೇ ಪೀಸಿಗೆ ತಿಂದುಹಾಕುತ್ತದೆ.

ಎಣ್ಣೆ ಹಚ್ಚಿದರೆ ಆಗಲ್ವಾ?

ಅಳತೆ ಸರಿ ಇದ್ದರೆ ಹಚ್ಚಿ, ಅಳತೆ ತಪ್ಪಿದ್ದಕ್ಕೆ ಎಣ್ಣೆ ಮದ್ದಲ್ಲ. ಸಿಲಿಕೋನ್ ಗ್ರೀಸ್ ಹೆಚ್ಚು ಕಡಿಮೆ ಎಲ್ಲಕ್ಕೂ ಆಗುತ್ತದೆ. ಅದಿಲ್ಲದಿದ್ದರೆ ಮೇಣದಬತ್ತಿಯನ್ನು ಬೋಲ್ಟಿಗೆ ಉಜ್ಜಿ, ಚೆನ್ನಾಗಿಯೇ ಇರುತ್ತದೆ. ಅಕ್ರಿಲಿಕ್, ಪಾಲಿಕಾರ್ಬೊನೇಟ್, ಎಬಿಎಸ್ ಹತ್ತಿರ ಮಾತ್ರ ಸಿಕ್ಕ ಸ್ಪ್ರೇ ಹೊಡೆಯಬೇಡಿ. ಲೋಹದ ಬೋಲ್ಟಿಗೆ ಹಾಕುವ ಥ್ರೆಡ್ ಲಾಕರ್ ಅಂತೂ ಇವಕ್ಕೆ ವಿಷ, ಮಾರನೇ ದಿನ ನೋಡಿದರೆ ಜೇಡರ ಬಲೆ ಥರ ಬಿರುಕು.

ಗೋ–ನೋಗೋ ಗೇಜ್ ಹಾಕಿ ಪಾಸ್ ಮಾಡಿದರೂ ಜಾಮ್ ಆಯಿತು?

ಈ ಗೇಜಿನ ಗೋ ಕಡೆ ಥ್ರೆಡ್ಡಿಗೆ ಹೋಗಬೇಕು, ನೋಗೋ ಕಡೆ ಹೋಗಬಾರದು. ಆದರೆ ಗೇಜ್ ಸ್ಟೀಲು, ಪೀಸು ಪ್ಲಾಸ್ಟಿಕ್. ಸ್ವಲ್ಪ ಒತ್ತಿ ತಿರುಗಿಸಿದರೆ ಗೋ ಕೂಡ ಹೋಗುತ್ತದೆ, ನೋಗೋ ಕೂಡ ಹೋಗುತ್ತದೆ. ಬೆರಳ ತುದಿಯಲ್ಲಿ, ಗೇಜಿನ ಭಾರಕ್ಕೇ ತಿರುಗುತ್ತದಾ ಅಂತ ನೋಡಬೇಕು. ಸ್ಕ್ರೂ ಮೈಕ್ರೋಮೀಟರ್‌ನಲ್ಲೂ ರ್‍ಯಾಚೆಟ್ ಟಿಕ್ ಅನ್ನಿಸಬೇಡಿ, ಅಷ್ಟರಲ್ಲಿ ಅದು ಪೀಸನ್ನು ಅಮುಕಿ ಕಡಿಮೆ ತೋರಿಸುತ್ತದೆ. ತಾಗಿತು ಅನ್ನುವಲ್ಲಿ ಓದಿಕೊಳ್ಳಿ.

ಎಷ್ಟು ಬಿಗಿಯಬಹುದು?

ಬೆರಳಲ್ಲಿ ಕೂರಿಸಿ, ಸ್ಪ್ಯಾನರ್‌ನಲ್ಲಿ ಕಾಲು ಸುತ್ತು. ಮಾರನೇ ದಿನ ನೋಡಿದರೆ ಸ್ವಲ್ಪ ಸಡಿಲವಾಗಿರುತ್ತದೆ, ಪ್ಲಾಸ್ಟಿಕ್ ಒತ್ತಡದಲ್ಲಿ ನಿಧಾನಕ್ಕೆ ಸರಿಯುತ್ತದೆ. ಇನ್ನೊಮ್ಮೆ ಅಷ್ಟೇ ಬಿಗಿಯಿರಿ. ಟೆಫ್ಲಾನ್ ಬೋಲ್ಟಿನ ಮೇಲೆ ಭಾರವನ್ನೇ ನಂಬಿ ಬಿಡಬೇಡಿ.

ಪ್ಲಂಬಿಂಗ್ ಫಿಟ್ಟಿಂಗ್ ಎರಡು ಸುತ್ತಿಗೆ ನಿಂತಿತು. ಇದೂ ಇದೇ ಸಮಸ್ಯೆನಾ?

ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಮತ್ತು ಎನ್‌ಪಿಟಿ (ಅಮೆರಿಕದ್ದು) ಕಲಸಿರಬಹುದು. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್ಡೇ, ಆದರೆ ಒಂದರ ಕೋನ 55 ಡಿಗ್ರಿ, ಇನ್ನೊಂದರದು 60, ಡಯಾ ಕೂಡ ಬೇರೆ. ಟೇಪ್ ಸುತ್ತಿ ಒತ್ತಾಯ ಮಾಡಿದರೆ ಫಿಟ್ಟಿಂಗ್ ಸೀಳುತ್ತದೆ.

ತ್ರೀಡಿ ಪ್ರಿಂಟ್ ಮಾಡಿದ ನಟ್ಟು-ಬೋಲ್ಟಿಗೆ?

ಬೋಲ್ಟನ್ನು ನಿಲ್ಲಿಸಿ ಪ್ರಿಂಟ್ ಮಾಡಿ, ಪಿಚ್ 1.5-2ಕ್ಕಿಂತ ಕಡಿಮೆ ಬೇಡ, ಜಾಗ 0.2-0.3 ಬಿಡಿ. ಆಮೇಲೆ ಟ್ಯಾಪ್ ಓಡಿಸಿ. ಮಿಕ್ಕಿದ್ದು ನಿಮ್ಮ ಪ್ರಿಂಟರ್ ಹಣೆಬರಹ.

ಈಗಾಗಲೇ 200 ಪೀಸು ಮಾಡಿಯಾಗಿದೆ, ಎಲ್ಲಾ ಬಿಗಿ. ಎಸೆಯಲಾ?

ತಡೀರಿ. ಮೊದಲು ಐದು ಪೀಸನ್ನು ಒಂದು ರಾತ್ರಿ ಸುಮ್ನೆ ಇಟ್ಟು ಬೆಳಗ್ಗೆ ಮತ್ತೆ ಹಾಕಿ ನೋಡಿ. ಬಿಸಿಗೆ ಆಗಿದ್ದರೆ ತಾನಾಗೇ ಬದಲಾಗಿರುತ್ತದೆ. ನಟ್ಟುಗಳಿಗೆ 7ಜಿ ಟ್ಯಾಪ್ ತಂದು ಕೈಯಲ್ಲಿ ಓಡಿಸಿ, ಬಹುಪಾಲು ಅಲ್ಲಿಗೇ ಸರಿಹೋಗುತ್ತದೆ. ನಟ್ಟು ಹಿತ್ತಾಳೆಯದು, ಅದನ್ನು ಮುಟ್ಟುವ ಹಾಗಿಲ್ಲ ಅಂದರೆ ಬೋಲ್ಟುಗಳ ಕಡೆ ಹೋಗಬೇಕು.

ಅದಕ್ಕೆ ನನ್ನ ಹತ್ತಿರ ಒಂದು ಹಳೇ ಉಪಾಯ ಇದೆ, ಉಡುಪಿಯಿಂದ ವಾಪಸ್ ಬಂದ ಬೋಲ್ಟುಗಳಿಗೂ ಇದನ್ನೇ ಮಾಡಿದ್ದು. ಅದೇ ಸೈಜಿನ ಸ್ಟೀಲ್ ನಟ್ಟು ತಗೊಳ್ಳಿ, ಒಂದು ಪಕ್ಕದಿಂದ ಹ್ಯಾಕ್ಸಾದಲ್ಲಿ ಥ್ರೆಡ್ ತನಕ ಸೀಳಿ. ಒಳಗಿನ ಎದುರು ಬದಿಯಲ್ಲಿ ಚೂಪು ಫೈಲಿನಿಂದ ಎರಡು ತೋಡು ತೆಗೆಯಿರಿ, ಅಂಚು ಬ್ಲೇಡಿನಂತೆ ನಿಲ್ಲಬೇಕು. ವೈಸ್‌ನಲ್ಲಿ ಹಿಡಿದು ಸೀಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬೋಲ್ಟನ್ನು ಒಳಗೆ ಓಡಿಸಿ. ಹೊರಗೆ ಬರುವಾಗ ಬೋಲ್ಟಿನ ಜೊತೆ ಬಿಳಿ ನೂಲು ಬರುತ್ತದೆ. ಬ್ರಷ್ ಮಾಡಿ, ಹಿತ್ತಾಳೆ ನಟ್ಟು ಹಾಕಿ ನೋಡಿ, ಬಿಗಿ ಇದ್ದರೆ ಇನ್ನೊಂದು ಸಲ. ಲ್ಯಾಪಿಂಗ್ ಪೇಸ್ಟ್ ಹಚ್ಚಿ ಉಜ್ಜೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಆ ಪುಡಿ ಪ್ಲಾಸ್ಟಿಕ್‌ನಲ್ಲೇ ಉಳಿದು ಆಮೇಲೆ ನಟ್ಟನ್ನು ತಿನ್ನುತ್ತದೆ. ಒಂದು ಬೋಲ್ಟಿಗೆ ಎರಡು ನಿಮಿಷ ಹಿಡಿಯುತ್ತದೆ. 200ಕ್ಕೆ ಒಂದು ದಿನ, ನಡುವೆ ನಾಲ್ಕು ಟೀ.